ಹೆಸರು ಬದಲಿಸಿದರೂ ತೆರೆಯದ ಬಾಗಿಲು

ಜರ್ಮನಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬರೆದಿದ್ದಾನೆ: “ಐರೋಪ್ಯ ಒಕ್ಕೂಟಕ್ಕೆ ಇರುವ 27 ದೇಶಗಳನ್ನು ನಿಭಾಯಿಸುವುದೇ ಕಷ್ಟವಾಗಿದೆ ಮೇಷ್ಟ್ರೇ, ಇನ್ನು ಹೊಸಬರು ಬೇಡ.” ಅವನ ಮಾತಿನಲ್ಲಿ ಹುರುಳಿದೆ. ಒಳಗೆ ಬಂದ ಮೇಲೆ ದಾರಿ ತಪ್ಪಿದ ದೇಶವನ್ನು ಹೊರಹಾಕುವ ವಿಧಿಯೇ ಅಲ್ಲಿಲ್ಲವಾದ್ದರಿಂದ ಬಾಗಿಲಲ್ಲೇ ಪರೀಕ್ಷೆ ನಡೆಯಬೇಕಾದುದು ನ್ಯಾಯ. ಪಠ್ಯವೂ 1993ರಲ್ಲಿ ಕೋಪನ್‌ಹೇಗನ್‌ನಲ್ಲಿ ನಿಗದಿಯಾಗಿದೆ: ಪ್ರಜಾಪ್ರಭುತ್ವ, ಕಾನೂನಿನ ಆಳ್ವಿಕೆ, ಅಲ್ಪಸಂಖ್ಯಾತರ ರಕ್ಷಣೆ, ಪೈಪೋಟಿ ತಾಳಬಲ್ಲ ಆರ್ಥಿಕತೆ. ಆದರೆ ಪಠ್ಯದಲ್ಲಿಲ್ಲದ ಪ್ರಶ್ನೆ ಕೇಳಿ ಹುಡುಗನನ್ನು ನಪಾಸು ಮಾಡುವುದು ಯಾವ ಸೀಮೆಯ ನ್ಯಾಯ?

ಉತ್ತರ ಮ್ಯಾಸಿಡೋನಿಯದ ಪಾಡನ್ನು ನೋಡಿ. ಇಪ್ಪತ್ತು ಲಕ್ಷಕ್ಕೂ ಕಡಿಮೆ ಜನರಿರುವ ಈ ದೇಶ 2005ರಲ್ಲೇ ಅಭ್ಯರ್ಥಿಯಾಯಿತು. ಮ್ಯಾಸಿಡೋನಿಯವೆಂಬುದು ತನ್ನ ಪ್ರಾಂತ್ಯದ ಹೆಸರು, ಅಲೆಕ್ಸಾಂಡರನ ಪರಂಪರೆ ತನ್ನದು ಎಂದು ಗ್ರೀಸ್ ವರ್ಷಗಟ್ಟಲೆ ಅಡ್ಡ ನಿಂತಿತು. 2018ರ ಪ್ರೆಸ್ಪಾ ಒಪ್ಪಂದಕ್ಕೆ ತಲೆಬಾಗಿ, ಆ ದೇಶ 2019ರ ಫೆಬ್ರವರಿಯಲ್ಲಿ ತನ್ನ ಹೆಸರಿಗೆ ‘ಉತ್ತರ’ ಎಂದು ಸೇರಿಸಿಕೊಂಡಿತು. ದೇಶವೊಂದು ತನ್ನ ಹೆಸರನ್ನೇ ಬಿಟ್ಟುಕೊಡುವುದಕ್ಕಿಂತ ದೊಡ್ಡ ತ್ಯಾಗವುಂಟೆ? ಅದೇ ಅಕ್ಟೋಬರಿನಲ್ಲಿ, ಸೇರ್ಪಡೆಯ ಕ್ರಮವೇ ಮೊದಲು ಬದಲಾಗಲಿ ಎಂದು ಫ್ರಾನ್ಸ್ ತಡೆಯಿತು. 2020ರ ನವೆಂಬರಿನಲ್ಲಿ ಬಲ್ಗೇರಿಯದ ಸರದಿ. ನಿಮ್ಮದು ಪ್ರತ್ಯೇಕ ಭಾಷೆಯಲ್ಲ ಎಂಬುದು ಒಂದು ತಕರಾರು. 1903ರಲ್ಲಿ ಮಡಿದ ಕ್ರಾಂತಿಕಾರಿ ಗೋಟ್ಸೆ ಡೆಲ್ಚೆವ್ ಯಾರವನು ಎಂಬುದು ಇನ್ನೊಂದು. ಇಂಥ ವಿಷಯಗಳಿಗೆಂದೇ 2017ರ ಸ್ನೇಹ ಒಪ್ಪಂದದಡಿ ಇತಿಹಾಸಕಾರರ ಜಂಟಿ ಆಯೋಗವಿತ್ತು. ಜೀವಮಾನವೆಲ್ಲ ಕನ್ನಡ ಪಾಠ ಹೇಳಿದ ನನಗಂತೂ, ಒಂದು ಜನ ಆಡುವ ನುಡಿ ಭಾಷೆಯೋ ಅಲ್ಲವೋ ಎಂದು ನೆರೆಯವರು ತೀರ್ಪು ಕೊಡುವುದು ಸಹಿಸಲಾಗದ ಮಾತು.

2022ರ ಜುಲೈಯಲ್ಲಿ ಮಾತುಕತೆ ವಿಧ್ಯುಕ್ತವಾಗಿ ಆರಂಭವಾಯಿತು, ಬಲ್ಗೇರಿಯನ್ನರನ್ನು ಸಂವಿಧಾನದಲ್ಲಿ ಹೆಸರಿಸಬೇಕೆಂಬ ಹೊಸ ಷರತ್ತಿನೊಡನೆ. ಅದಕ್ಕೆ ಸಂಸತ್ತಿನಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕು. 2024ರಲ್ಲಿ ಗೆದ್ದ ಪಕ್ಷ ಒಪ್ಪಲಿಲ್ಲ. ಜೊತೆಗಿದ್ದ ಅಲ್ಬೇನಿಯ ಆ ವರ್ಷವೇ ಮುಂದೆ ಸಾಗಿತು. ಅಂದಹಾಗೆ, ತಕರಾರು ಹೂಡಿದ ಬಲ್ಗೇರಿಯ 2007ರಲ್ಲಿ ಒಳಬಂದಾಗ ಅದರ ನ್ಯಾಯಾಂಗ ಸುಧಾರಣೆಯೇ ಮುಗಿದಿರಲಿಲ್ಲ. 2023ರವರೆಗೆ ಒಕ್ಕೂಟದ ವಿಶೇಷ ನಿಗಾ ಅದರ ಮೇಲಿತ್ತು!

ಕೊನೆಯ ಸೇರ್ಪಡೆಗೆ ಎಲ್ಲ ಸದಸ್ಯರ ಒಪ್ಪಿಗೆ ಬೇಕೆಂಬ ನಿಯಮ ಇರಲಿ, ಅದಕ್ಕೆ ನನ್ನ ವಿರೋಧವಿಲ್ಲ. ನಡುವಣ ಒಂದೊಂದು ಮೆಟ್ಟಿಲಿಗೂ ಸರ್ವಾನುಮತ ಬೇಕೆಂಬ ಪದ್ಧತಿ ತೊಲಗಬೇಕು; ಅಲ್ಲಿ ಬಹುಮತ ಸಾಕು. ಸಣ್ಣ ದೇಶಗಳ ದನಿ ಅಡಗುತ್ತದೆನ್ನುವವರು, ಕೊನೆಯ ಮತ ಅವುಗಳ ಕೈಯಲ್ಲೇ ಉಳಿಯುವುದನ್ನು ಮರೆಯುತ್ತಾರೆ. ನೆರೆಹೊರೆಯ ವ್ಯಾಜ್ಯಕ್ಕೆ ಬೇರೆ ದಾರಿಯೂ ಇದೆ. ಪಿರಾನ್ ಕೊಲ್ಲಿಯ ಗಡಿಗಾಗಿ ಸ್ಲೊವೇನಿಯ ಕ್ರೊಯೇಷಿಯವನ್ನು ತಡೆದಾಗ, 2009ರಲ್ಲಿ ಜಗಳವನ್ನು ಪಂಚಾಯ್ತಿಗೆ ಒಪ್ಪಿಸಿದರು; ಅದು ಬಗೆಹರಿಯುವ ಮುನ್ನವೇ, 2013ರಲ್ಲಿ, ಕ್ರೊಯೇಷಿಯ ಒಳಗಿತ್ತು.