ಶಾಲೆಯ ನಿಯಮಗಳು ಮನೆಗೆ ಅರ್ಥವಾಗುವಂತಿರಲಿ



ಶಾಲೆಗಳು ಮತ್ತೆ ಆರಂಭವಾಗುವ ಕಾಲ ಬಂತೆಂದರೆ ನಿವೃತ್ತ ಮೇಷ್ಟರ ಮನಸ್ಸು ಮನೆಯಲ್ಲಿ ನಿಲ್ಲುವುದಿಲ್ಲ. 2011ರಲ್ಲಿ ಹಾಜರಿ ಪುಸ್ತಕವನ್ನು ಒಪ್ಪಿಸಿ ಬಂದಿದ್ದರೂ ಬೆಳಗಿನ ಒಂಬತ್ತೂವರೆಗೆ ಕಿವಿ ತಾನಾಗಿಯೇ ಗಂಟೆಯ ಶಬ್ದವನ್ನು ಹುಡುಕುತ್ತದೆ. ಈ ಬಾರಿ ಒಂದು ವಿಷಯವನ್ನು ಬರೆಯಲೇಬೇಕೆನಿಸಿದೆ. ನಿಮ್ಮಲ್ಲಿ ಅನೇಕರು ಈಗ ಪ್ರಾಥಮಿಕ ಶಾಲೆಗೆ ಹೋಗುವ ಮಕ್ಕಳ ತಂದೆತಾಯಿಯರು. ಕೆಲವರು ನನ್ನ ಹಾಗೆಯೇ ಮೇಷ್ಟರು, ಮೇಡಂಗಳು. ಆದ್ದರಿಂದ ಈ ಮಾತು ಎರಡೂ ಕಡೆಯವರಿಗೆ ಸಲ್ಲುತ್ತದೆ.

ನಮ್ಮ ಬೀದಿಯ ತಿರುವಿನಲ್ಲಿ ಹೂ ಕಟ್ಟಿ ಮಾರುವ ಹೆಣ್ಣುಮಗಳೊಬ್ಬಳಿದ್ದಾಳೆ. ಮಗನನ್ನು ಸಮೀಪದ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದ್ದಾಳೆ, ಎರಡನೆಯ ತರಗತಿ. ಕೆಲವು ತಿಂಗಳ ಹಿಂದೆ ಒಂದು ದಿನ ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಮೊಬೈಲು ಹಿಡಿದು ಬಂದಳು. "ಮೇಷ್ಟ್ರೇ, ಇಸ್ಕೂಲಿಂದ ನೆನ್ನೆ ಏನೋ ಬಂದೈತೆ, ವಸಿ ಓದಿ ಹೇಳಿ" ಎಂದಳು. ಓದಿದೆ. ಆ ದಿನ ಅರ್ಧ ದಿನವಷ್ಟೇ ಶಾಲೆಯೆಂದೂ, ಹನ್ನೆರಡೂವರೆಗೆ ಮಕ್ಕಳನ್ನು ಕರೆದೊಯ್ಯಬೇಕೆಂದೂ ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಹೇಳಿ ಮುಗಿಸುವ ಮುನ್ನವೇ ಹೂವಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿದಳು. ಮಗು ಮೂರು ಗಂಟೆಗಳ ಕಾಲ ಗೇಟಿನ ಬಳಿ ಕಾವಲುಗಾರನ ಪಕ್ಕದಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿತ್ತಂತೆ. ಆ ಕಾವಲುಗಾರ ಒಳ್ಳೆಯವನಾಗಿದ್ದುದು ನಮ್ಮ ಪುಣ್ಯ.

ಸಂಜೆ ಬುಟ್ಟಿ ಒಯ್ಯಲು ಬಂದವಳು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. "ನಂಗೆ ಓದಕ್ಕೆ ಬರಾಕಿಲ್ಲ ಅಂತ ಸೇರ್ಸೋವಾಗ್ಲೇ ಹೇಳಿದ್ನಲ್ಲ ಮೇಷ್ಟ್ರೇ. ಈಗ ನನ್ನೇ ಬೈತಾರೆ."

ಶಾಲೆಯನ್ನು ದೂಷಿಸುವುದು ಸುಲಭ. ಆದರೆ ಆ ರಾತ್ರಿ ನನಗೆ ನೆನಪಾದುದು ಆ ಶಾಲೆಯಲ್ಲ, 1987ರ ನನ್ನ ಶಾಲೆ.

ಆಗ ನಾನು ಅರಸೀಕೆರೆ ಸೀಮೆಯ ಒಂದು ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೆ. ಇಬ್ಬರು ಮೇಷ್ಟರು, ನಾಲ್ಕು ತರಗತಿಗಳು. ನನಗೆ ಶಿಸ್ತಿನ ಹುಚ್ಚು. ದಪ್ಪ ರಟ್ಟಿನ ಮೇಲೆ ಹನ್ನೊಂದು ನಿಯಮಗಳನ್ನು ಸುಂದರವಾದ ಅಕ್ಷರಗಳಲ್ಲಿ ಬರೆದು ಬಾಗಿಲಿನ ಪಕ್ಕ ತೂಗುಹಾಕಿದ್ದೆ. ಅವುಗಳಲ್ಲಿ ನಾಲ್ಕನೆಯದು: ಗೈರುಹಾಜರಾದವರು ಪೋಷಕರ ಸಹಿಯುಳ್ಳ ರಜಾಚೀಟಿ ತರತಕ್ಕದ್ದು, ಇಲ್ಲವಾದರೆ ತರಗತಿಗೆ ಪ್ರವೇಶವಿಲ್ಲ.

ಮೂರನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಹೆಸರು ಬರೆಯುವುದಿಲ್ಲ, ಇದನ್ನು ಓದುವವರಲ್ಲಿ ಅವಳ ಜೊತೆಯವರೂ ಇದ್ದೀರಿ. ಲೆಕ್ಕದಲ್ಲಿ ಚುರುಕು. ಒಂದು ಸೋಮವಾರ ಬರಲಿಲ್ಲ. ಮಂಗಳವಾರ ಚೀಟಿಯಿಲ್ಲದೆ ಬಂದಳು. ನಾನು ಗಟ್ಟಿಯಾಗಿ ಗದರಿ, ಚೀಟಿ ತರುವವರೆಗೆ ಒಳಗೆ ಬರಕೂಡದೆಂದು ಹೇಳಿ ಜಗುಲಿಯಲ್ಲಿ ನಿಲ್ಲಿಸಿದೆ. ಸ್ವಲ್ಪ ಹೊತ್ತು ನಿಂತಿದ್ದಳು. ನಾನು ಕಪ್ಪು ಹಲಗೆಯಿಂದ ತಿರುಗಿ ನೋಡುವಷ್ಟರಲ್ಲಿ ಜಗುಲಿ ಖಾಲಿಯಾಗಿತ್ತು. ಅನಂತರ ಹನ್ನೊಂದು ದಿನ ಅವಳ ಸುಳಿವಿರಲಿಲ್ಲ.

ಕೊನೆಗೆ ನಾನೇ ಮನೆಗೆ ಹೋದೆ. ತಾಯಿ ತೆಂಗಿನಕಾಯಿ ಸುಲಿಯುವ ಕಡೆ ಕೂಲಿಗೆ ಹೋಗುವವಳು. ಆಗಷ್ಟೇ ಬಂದು ಒಲೆ ಹಚ್ಚುತ್ತಿದ್ದಳು. ಆ ಸೋಮವಾರ ಕಿರಿಯ ಮಗುವಿಗೆ ಜ್ವರವಿದ್ದುದರಿಂದ ಹುಡುಗಿಯನ್ನು ಮನೆಯಲ್ಲಿ ನಿಲ್ಲಿಸಿಕೊಂಡಿದ್ದಳು, ಅಷ್ಟೆ. "ನಾನು ಹೆಬ್ಬೆಟ್ಟು ಒತ್ತೋಳು ಸ್ವಾಮಿ. ಚೀಟಿ ಯಾರ ಕೈಲಿ ಬರೆಸ್ಲಿ? ಓದು ಬಲ್ಲೋರ ಮನೆ ತಾವ ಹೋದ್ರೆ ನಾಳೆ ಬಾ ಅಂದ್ರು. ಅಷ್ಟೊತ್ತಿಗೆ ಮಗ ಹೆದ್ರಿಕೊಂಡ್ಬುಡ್ತು" ಎಂದಳು. ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು, ಹೊರಗೆ ಬರಲಿಲ್ಲ.

ಮರುದಿನದಿಂದ ಶಾಲೆಗೆ ಬಂದಳು. ಆದರೆ ಆ ಹನ್ನೊಂದು ದಿನಗಳಲ್ಲಿ ನಾನು ಭಾಗಾಕಾರವನ್ನು ಮುಗಿಸಿಬಿಟ್ಟಿದ್ದೆ. ಮೊದಲು ಕೈ ಎತ್ತಿ ಉತ್ತರಿಸುತ್ತಿದ್ದವಳು ಮತ್ತೆ ಕೈ ಎತ್ತಿದ ನೆನಪು ನನಗಿಲ್ಲ. ನಾಲ್ಕನೆಯ ತರಗತಿ ಮುಗಿಸಿದಳು. ಮುಂದಿನ ಶಾಲೆಗೆ ನಾಲ್ಕು ಕಿಲೋಮೀಟರು ನಡೆಯಬೇಕಿತ್ತು, ಮನೆಯವರು ಬಿಡಿಸಿದರು. ಅದಕ್ಕೆ ನನ್ನ ನಿಯಮವೊಂದೇ ಕಾರಣವೆಂದು ಹೇಳಲಾರೆ. ನನ್ನ ಪಾಲೇನೂ ಇಲ್ಲವೆಂದೂ ಹೇಳಲಾರೆ. ಮೂವತ್ತೆಂಟು ವರ್ಷಗಳ ಸೇವೆಯಲ್ಲಿ ಬಂದ ಹಾರ ತುರಾಯಿಗಳ ನಡುವೆಯೂ ಆ ಖಾಲಿ ಜಗುಲಿ ನನ್ನನ್ನು ಬಿಟ್ಟಿಲ್ಲ.

ನನ್ನ ನಿಯಮ ತಪ್ಪಾಗಿತ್ತೇ? ಮಗು ಏಕೆ ಬರಲಿಲ್ಲವೆಂದು ಶಾಲೆಗೆ ತಿಳಿಯಬೇಕು ಎಂಬ ಉದ್ದೇಶ ಸರಿಯಾದುದೇ. ಆದರೆ ಉದ್ದೇಶವನ್ನು ನಾನು ಯಾರಿಗೂ ಹೇಳಿರಲಿಲ್ಲ. ಅದನ್ನು ಪಾಲಿಸುವ ದಾರಿ ಆ ಮನೆಗೆ ಇದೆಯೇ ಎಂದು ನೋಡಿರಲಿಲ್ಲ. ತಪ್ಪು ತಾಯಿಯದೆಂದು ಎಣಿಸಿದರೂ ಶಿಕ್ಷೆಯನ್ನು ಮಗುವಿಗೆ ಕೊಟ್ಟಿದ್ದೆ. ಶಾಲೆ ಮನೆಗೆ ಕಳುಹಿಸುವ ಯಾವ ನಿಯಮವನ್ನೇ ಆಗಲಿ ಈ ಮೂರು ಪ್ರಶ್ನೆಗಳಿಂದ ಪರೀಕ್ಷಿಸಬೇಕೆಂಬುದು ನನ್ನ ಅಭಿಪ್ರಾಯ. ಕಾರಣ ಹೇಳಿದೆಯೇ? ಎಲ್ಲ ಮನೆಗಳೂ ಪಾಲಿಸಬಲ್ಲವೇ? ಪಾಲಿಸದಿದ್ದರೆ ಪೆಟ್ಟು ಬೀಳುವುದು ಯಾರಿಗೆ?

ಆ ವರ್ಷವೇ ಹನ್ನೊಂದು ನಿಯಮಗಳನ್ನು ಐದಕ್ಕೆ ಇಳಿಸಿದೆ. ರಜೆಯ ವಿಷಯವನ್ನು ಅಣ್ಣ ತಮ್ಮಂದಿರೋ ನೆರೆಯವರೋ ದಾರಿಯಲ್ಲಿ ಸಿಕ್ಕಾಗ ಬಾಯಲ್ಲಿ ಹೇಳಿದರೂ ಸಾಕು, ನಾನೇ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆಂದು ಅರಳಿಕಟ್ಟೆಯ ಬಳಿ ಜನ ಸೇರಿದ್ದಾಗ ತಿಳಿಸಿದೆ. ಐದೂ ನಿಯಮಗಳನ್ನು ಕಾರಣಸಮೇತ ಓದಿ ಹೇಳಿದೆ. ಹಾಜರಿ ಕೆಡಲಿಲ್ಲ. ಮಗು ಏಕೆ ಬರಲಿಲ್ಲವೆಂಬುದು ನನಗೆ ಮೊದಲಿಗಿಂತ ಬೇಗ ತಿಳಿಯತೊಡಗಿತು.

ಕಾರಣ ಹೇಳುವುದೆಂದರೆ ಏನೆಂಬುದಕ್ಕೆ ಒಂದು ಉದಾಹರಣೆ. 'ತಡವಾಗಿ ಬರಬಾರದು' ಎಂದರೆ ಅದು ಅಪ್ಪಣೆ. ಹೀಗೆ ಹೇಳಿ ನೋಡಿ: ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆಗಳ ಬೋಧನೆ, ಅಂದರೆ ದಿನಕ್ಕೆ ನಾಲ್ಕು ಗಂಟೆ. ಮಗು ದಿನವೂ ಹತ್ತು ನಿಮಿಷ ತಡವಾದರೆ ವರ್ಷಕ್ಕೆ ಎರಡು ಸಾವಿರ ನಿಮಿಷ ನಷ್ಟ. ಎಂಟು ದಿನಗಳ ಪಾಠ ಹೋದಂತೆ. ಕೂಲಿ ಲೆಕ್ಕ ಬಲ್ಲ ಯಾವ ತಾಯಿಗೂ ಈ ಲೆಕ್ಕ ಅರ್ಥವಾಗುತ್ತದೆ. ಗೇಟು ಮುಚ್ಚುವ ಅಗತ್ಯವಿಲ್ಲ. ಗೇಟು ಮುಚ್ಚಿದರೆ ಹತ್ತು ನಿಮಿಷದ ನಷ್ಟ ಇಡೀ ದಿನದ ನಷ್ಟವಾಗುತ್ತದೆ.

ಇನ್ನೊಂದು ಮಾತು. ಶಾಲೆಗಳು ಮನೆಗೆ ಕೊಡುವ ಪಟ್ಟಿಯಲ್ಲಿ ಪೋಷಕರು ಮಾಡಬೇಕಾದುದು ಮಾತ್ರ ಇರುತ್ತದೆ. ಶಾಲೆ ಮಾಡಬೇಕಾದುದು ಇರುವುದಿಲ್ಲ. ಆದರೆ ಅದೂ ನಿಯಮವೇ. ಇದನ್ನು ಓದುವ ಪ್ರತಿಯೊಬ್ಬ ತಂದೆತಾಯಿಯೂ ಈ ಕೆಲವನ್ನಾದರೂ ತಿಳಿದಿರಬೇಕು.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಆ ಕಾಯಿದೆಯ ಪ್ರಕಾರ, ವಯಸ್ಸಿನ ದಾಖಲೆಯಿಲ್ಲವೆಂಬ ಕಾರಣಕ್ಕೆ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಊರು ಬಿಟ್ಟು ಬಂದವರ ಮಕ್ಕಳಿಗೆ ವರ್ಗಾವಣೆ ಪತ್ರ ತಡವಾಯಿತೆಂದು ಸರ್ಕಾರಿ ಶಾಲೆಯಾಗಲಿ ಅನುದಾನಿತ ಶಾಲೆಯಾಗಲಿ ಬಾಗಿಲು ಮುಚ್ಚುವಂತಿಲ್ಲ. ಸೇರಿಸಿಕೊಳ್ಳುವಾಗ ಮಗುವಿಗಾಗಲಿ ತಂದೆತಾಯಿಗಾಗಲಿ ಪರೀಕ್ಷೆ, ಸಂದರ್ಶನ ಕೂಡದು, ವಂತಿಗೆ ಕೇಳಕೂಡದು. ಹೊಡೆಯುವುದು, ಮಾನಸಿಕವಾಗಿ ಹಿಂಸಿಸುವುದು ಎರಡೂ ನಿಷಿದ್ಧ. 1987ರಲ್ಲಿ ನಾನು ಆ ಹುಡುಗಿಯನ್ನು ಎಲ್ಲರೆದುರು ಗದರಿ ಹೊರಗೆ ನಿಲ್ಲಿಸಿದುದನ್ನು ಈ ಎರಡನೆಯದರಿಂದ ಬೇರೆಯೆಂದು ವಾದಿಸಲು ನನಗೆ ಧೈರ್ಯವಿಲ್ಲ.

ನಮ್ಮ ರಾಜ್ಯದಲ್ಲಿ 2019ರಲ್ಲಿ ಹೊರಟ ಸುತ್ತೋಲೆ ಒಂದು, ಎರಡನೆಯ ತರಗತಿಯ ಮಕ್ಕಳ ಚೀಲ ಒಂದೂವರೆಯಿಂದ ಎರಡು ಕಿಲೋ, ಮೂರರಿಂದ ಐದನೆಯ ತರಗತಿಯವರದು ಎರಡರಿಂದ ಮೂರು ಕಿಲೋ ಮೀರಬಾರದೆಂದು ಹೇಳಿದೆ. ಒಂದು, ಎರಡನೆಯ ತರಗತಿಗೆ ಮನೆಗೆಲಸ ಕೊಡಬಾರದೆಂದೂ ಹೇಳಿದೆ. ಮನೆಯ ತಕ್ಕಡಿಯಲ್ಲಿ ಒಮ್ಮೆ ಚೀಲವನ್ನು ತೂಗಿ ನೋಡಿ. ಬಿಸಿಯೂಟ 2002ರಿಂದ ನಮ್ಮಲ್ಲಿ ನಡೆದುಬಂದಿದೆ. ಕಿರಿಯ ಮಕ್ಕಳಿಗೆ ಒಂದು ಊಟದಲ್ಲಿ 100 ಗ್ರಾಂ ಧಾನ್ಯ, 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು ಇರಬೇಕೆಂಬುದು ಅಳತೆ. ಇದು ಯಾರ ಔದಾರ್ಯವೂ ಅಲ್ಲ, ಮಗುವಿನ ಹಕ್ಕು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೂ, ಒಟ್ಟಾರೆ ಅರ್ಧದಷ್ಟು ಮಹಿಳೆಯರೂ ಇರಬೇಕು. ನಮ್ಮ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿ 2001ರಿಂದಲೇ ಇದೆ. ಅಲ್ಲಿ ಕುಳಿತು ಪ್ರಶ್ನೆ ಕೇಳುವುದು ಅಧಿಕಪ್ರಸಂಗವಲ್ಲ.

ಈಗಲೂ ಸೇವೆಯಲ್ಲಿರುವ ನನ್ನ ಶಿಷ್ಯರೊಬ್ಬರ ಬಳಿ ಇದನ್ನೆಲ್ಲ ಹೇಳಿದಾಗ ಅವರು ನಕ್ಕರು. "ಸಾರ್, ಕನ್ನಡದಲ್ಲೇ ಕಳಿಸಿದ್ರೂ ಓದೋದಿಲ್ಲ. ಗುಂಪಿನಲ್ಲಿ ದಿನಕ್ಕೆ ನಲವತ್ತು ಸಂದೇಶ. ಬಿಗಿ ಬಿಟ್ಟರೆ ಯಾರೂ ಮಾತು ಕೇಳೋದಿಲ್ಲ" ಎಂದರು. ಅವರ ಕಷ್ಟ ಸುಳ್ಳಲ್ಲ. ಎಪ್ಪತ್ತು ಮಕ್ಕಳ ಹಾಜರಿ, ಊಟದ ಲೆಕ್ಕ, ಗಣತಿಯ ಕೆಲಸ ಎಲ್ಲವನ್ನೂ ಹೊತ್ತವರಿಗೆ ಒಬ್ಬೊಬ್ಬ ಪೋಷಕರನ್ನೂ ಹುಡುಕಿಕೊಂಡು ಹೋಗಲು ಸಮಯವೆಲ್ಲಿ? ಓದಬಲ್ಲವರೂ ಓದದೆ ಬಿಟ್ಟು ಅನಂತರ ಶಾಲೆಯೊಡನೆ ಜಗಳಕ್ಕೆ ನಿಲ್ಲುವುದನ್ನು ನಾನೂ ಕಂಡಿದ್ದೇನೆ. ಅವರ ಪರವಾಗಿ ನಾನು ವಾದಿಸುವುದಿಲ್ಲ. ಆದರೆ ಓದದವರೂ ಓದಲಾರದವರೂ ಒಂದೇ ಅಲ್ಲ. ನಲವತ್ತು ಸಂದೇಶಗಳೇ ರೋಗವಾದರೆ ಅದಕ್ಕೆ ಮದ್ದು ನಲವತ್ತೊಂದನೆಯದಲ್ಲ; ನಾಲ್ಕೇ ಸಂದೇಶಗಳು ಮತ್ತು ಅವನ್ನು ಹೇಳುವ ಧ್ವನಿ. ಅದೇ ಮೊಬೈಲಿನಲ್ಲಿ ಮೇಷ್ಟರು ಅರ್ಧ ನಿಮಿಷ ಕನ್ನಡದಲ್ಲಿ ಮಾತನಾಡಿ ಕಳುಹಿಸಿದ್ದರೆ ಹೂ ಕಟ್ಟುವ ತಾಯಿ ಹನ್ನೆರಡೂವರೆಗೆ ಗೇಟಿನ ಬಳಿ ಇರುತ್ತಿದ್ದಳು.

ನಾನು ಕೇಳುವುದು ಇಷ್ಟೇ. ವರ್ಷದ ಆರಂಭದಲ್ಲಿ ಪ್ರತಿ ಶಾಲೆಯೂ ಒಂದೇ ಒಂದು ಪುಟವನ್ನು, ಮನೆಯವರು ಬಲ್ಲ ಭಾಷೆಯಲ್ಲಿ, ದೊಡ್ಡ ಅಕ್ಷರಗಳಲ್ಲಿ ಕೊಡಲಿ. ಎಡಗಡೆ ಮನೆ ಮಾಡಬೇಕಾದುದು: ಹೊತ್ತಿಗೆ ಸರಿಯಾಗಿ ಕಳುಹಿಸುವುದು, ಬಾರದಿದ್ದರೆ ತಿಳಿಸುವುದು, ಜ್ವರವಿದ್ದಾಗ ಮನೆಯಲ್ಲೇ ಇರಿಸಿಕೊಳ್ಳುವುದು, ಮಗುವನ್ನು ಕರೆದೊಯ್ಯಲು ಯಾರು ಬರುತ್ತಾರೆಂದು ಹೇಳುವುದು, ಬದಲಾದ ಫೋನ್ ಸಂಖ್ಯೆಯನ್ನು ಕೊಡುವುದು. ಬಲಗಡೆ ಶಾಲೆ ಮಾಡುವುದು: ಸಮಯ ಬದಲಾದರೆ ಎಲ್ಲರಿಗೂ ಮುಟ್ಟುವಂತೆ ತಿಳಿಸುವುದು, ಹೊಡೆಯದಿರುವುದು, ದೊಡ್ಡವರ ತಪ್ಪಿಗೆ ಮಗುವನ್ನು ಹೊರಗೆ ನಿಲ್ಲಿಸದಿರುವುದು, ಮೂರು ದಿನ ಮಗು ಬಾರದಿದ್ದರೆ ಶಾಲೆಯೇ ವಿಚಾರಿಸುವುದು. ಪ್ರತಿ ಸಾಲಿನ ಕೆಳಗೆ ಒಂದು ಕಾರಣ. ಮೊದಲ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಲಿ. ಓದು ಬಾರದವರು ಯಾರೆಂದು ಎಲ್ಲರೆದುರು ಕೇಳದೆ ತಿಳಿದುಕೊಂಡು, ಅವರ ಮನೆಯ ಸಮೀಪದ ಇನ್ನೊಬ್ಬ ಪೋಷಕರಿಗೆ ಸುದ್ದಿ ಮುಟ್ಟಿಸುವ ಹೊಣೆ ಕೊಡಲಿ.

ಆ ಕೊನೆಯ ಕೆಲಸವನ್ನು ಕಾಯದೆ ನೀವೇ ಮಾಡಬಹುದು. ನಿಮ್ಮ ಮಗುವಿನ ತರಗತಿಯಲ್ಲಿ ಅಂಥ ಮನೆ ಒಂದಾದರೂ ಇರುತ್ತದೆ. ಸಂದೇಶ ಬಂದಾಗ ಅವರಿಗೆ ಒಂದು ಕರೆ ಮಾಡಿ ಹೇಳಿ. ನಾನಂತೂ ಆ ಹೂವಿನ ಹೆಣ್ಣುಮಗಳಿಗೆ, ಶಾಲೆಯಿಂದ ಏನು ಬಂದರೂ ತಕ್ಷಣ ನನಗೆ ಕಳುಹಿಸಬೇಕೆಂದು ಹೇಳಿಟ್ಟಿದ್ದೇನೆ. ಬಂದದ್ದನ್ನು ಕನ್ನಡದಲ್ಲಿ ಹೇಳಿ ಮರಳಿ ಕಳುಹಿಸುತ್ತೇನೆ. 1987ರಲ್ಲಿ ಒಂದು ಚೀಟಿಯನ್ನು ನಾನೇ ಬರೆದುಕೊಡಬಹುದಿತ್ತು, ಆಗ ಹೊಳೆಯಲಿಲ್ಲ.

ನಿಮ್ಮ ಮಕ್ಕಳ ಶಾಲೆಯಲ್ಲಿ ಹೇಗಿದೆ, ಬರೆಯಿರಿ. ಒಪ್ಪದಿದ್ದರೂ ಬರೆಯಿರಿ, ಈಗ ನನ್ನ ಕೈಯಲ್ಲಿ ಬೆತ್ತವಿಲ್ಲ.