ಯಾರ ರೂಢಿ, ಯಾರ ಸಾಲ

ದೀಪಾವಳಿ ಮುಗಿಯುತ್ತಲೇ ಕರ್ನೂಲು ಜಿಲ್ಲೆಯ ಕೋಸಗಿ, ಕೌತಾಳಂ, ಪೆದ್ದಕಡಬೂರು, ಹೊಳಗುಂದ ಕಡೆಯ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬೀಳತೊಡಗುತ್ತದೆ. ಜನ ಸುಗ್ಗಿಗೆ ಹೊರಡುತ್ತಾರೆ. ತಮ್ಮ ಹೊಲದ ಸುಗ್ಗಿಗಲ್ಲ; ಗುಂಟೂರು, ಪಲ್ನಾಡಿನ ಮೆಣಸಿನಕಾಯಿ ಹೊಲಗಳಿಗೆ, ತೆಲಂಗಾಣದ ಹತ್ತಿ ಹೊಲಗಳಿಗೆ. ಇನ್ನು ಕೆಲವರು ಬೆಂಗಳೂರು, ಹೈದರಾಬಾದಿನ ಕಟ್ಟಡ ಕೆಲಸಕ್ಕೆ. ಜೋಳದ ಚೀಲ, ಪಾತ್ರೆ, ಹಾಸಿಗೆ, ಮಕ್ಕಳು ಎಲ್ಲವೂ ಒಂದೇ ಗಾಡಿಯಲ್ಲಿ. ಮರಳುವುದು ಯುಗಾದಿಯ ಹೊತ್ತಿಗೆ. ಅಲ್ಲಿಯವರೆಗೆ ಶಾಲೆಗೆ ಬರುವವರು ಅಜ್ಜಿ ತಾತನ ಹತ್ತಿರ ಉಳಿದ ಮಕ್ಕಳು ಮಾತ್ರ. ಅಕ್ಷರ ಬಲ್ಲವರ ಪ್ರಮಾಣ ತೀರ ಕಡಿಮೆ ಇರುವ ಮಂಡಲಗಳ ಮಾತು ಬಂದಾಗಲೆಲ್ಲ ಕೋಸಗಿಯ ಹೆಸರು ಏಕೆ ಬರುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗಿಲ್ಲ.

ಈ ಮಾತನ್ನು ಆದೋನಿಯ ಯಾವ ಹೋಟೆಲಿನಲ್ಲಾದರೂ ಎತ್ತಿ ನೋಡಿ. ಉತ್ತರ ಸಿದ್ಧವಾಗಿರುತ್ತದೆ: "ಅವರಿಗೇನ್ರಿ ಕಡಿಮಿ? ಗಂಡ ಹೆಂಡ್ತಿ ದುಡಿದು ಕೈತುಂಬ ತರ್ತಾರ. ತಂದದ್ದೆಲ್ಲ ಮದಿವಿಗೆ ಸುರೀತಾರ. ಮಕ್ಕಳನ್ನ ಓದಸಂಗಿಲ್ಲ." ಹೇಳುವವರು ಕೆಟ್ಟವರಲ್ಲ. ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಸುಗ್ಗಿಯ ದುಡ್ಡಿನಲ್ಲಿ ದೊಡ್ಡ ಪಾಲು ಮದುವೆಯ ಸಾಲಕ್ಕೆ ಹೋಗುವುದು ಆ ಊರಿನವರೇ ಒಪ್ಪುವ ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಅವರಿಗೂ ಗೊತ್ತು. ಆದರೂ ಏಕೆ ಚಾಚುತ್ತಾರೆ ಎಂದು ಕೇಳುವ ವ್ಯವಧಾನ ನಮಗಿರುವುದಿಲ್ಲ.

ಬರಿಯ ಕೂಲಿಯ ಕೊರತೆಯಿಂದಲೇ ಜನ ಊರು ಬಿಡುತ್ತಾರೆ ಎನ್ನುವುದಾದರೆ, ಉದ್ಯೋಗ ಖಾತರಿ ಯೋಜನೆ ಚಾಲನೆಗೊಂಡದ್ದು ಪಕ್ಕದ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲೇ, 2006ರ ಫೆಬ್ರವರಿ 2ರಂದು. ಆಗ ಕೊಟ್ಟದ್ದು ವರ್ಷಕ್ಕೆ ಕುಟುಂಬವೊಂದಕ್ಕೆ 100 ದಿನ ಕೆಲಸದ ಭರವಸೆ. ಅದು ಬಂದಮೇಲೂ ಸುಗ್ಗಿಯ ಗಾಡಿಗಳು ನಿಲ್ಲಲಿಲ್ಲ. ಆ ಕೂಲಿ ಬರುವುದು ಬಿಡಿಬಿಡಿಯಾಗಿ, ತಡವಾಗಿ. ಸುಗ್ಗಿಗೆ ಆಳು ಕರೆದೊಯ್ಯುವ ಮೇಸ್ತ್ರಿ ಕೊಡುವುದು ಇಡಿಗಂಟು, ಅದೂ ಮುಂಗಡ. ಮಗಳ ಮದುವೆ ಗೊತ್ತಾದ ಮನೆಗೆ ಬೇಕಾದದ್ದು ಇಡಿಗಂಟು. ಮದುವೆ ಒಂದು ದಿನದ್ದು, ಅದನ್ನು ತೀರಿಸುವುದು ಮುಂದಿನ ಎಷ್ಟೋ ಸುಗ್ಗಿ. ಹಾಗಾಗಿ ಮೆಣಸಿನಕಾಯಿ ಬಿಡಿಸುವ ಕೈ ಎಂದೋ ಉಂಡು ಹೋದವರ ಊಟದ ಸಾಲ ತೀರಿಸುತ್ತಿರುತ್ತದೆ.

ಆ ಊಟದ ಪಟ್ಟಿ ಬರೆದವರು ಯಾರು? ಕೋಸಗಿಯ ಕೂಲಿಯವನಂತೂ ಅಲ್ಲ.

1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಗಡಿ ಬಂತು, ಬೀಗತನ ನಿಲ್ಲಲಿಲ್ಲ. ಸಿರುಗುಪ್ಪ, ರಾಯಚೂರು, ಬಳ್ಳಾರಿಯಿಂದ ಹೆಣ್ಣು ತರುವುದು, ಅಲ್ಲಿಗೆ ಕೊಡುವುದು ಇಂದಿಗೂ ಉಂಟು. ಬೀಗರ ಜೊತೆಗೆ ರೂಢಿಯೂ ಗಡಿ ದಾಟುತ್ತದೆ. ಕಲ್ಯಾಣಮಂಟಪ, ಡಿಜೆ, ಆಳೆತ್ತರದ ಫ್ಲೆಕ್ಸು, ಮದುವೆಗೆ ಮುಂಚಿನ ಫೋಟೋ ಶೂಟ್ ಒಂದೊಂದೂ ಮೊದಲು ಬಳ್ಳಾರಿಯಲ್ಲೋ ಆದೋನಿಯಲ್ಲೋ ಕಾಣಿಸಿಕೊಂಡು, ಆಮೇಲೆ ಹಳ್ಳಿಗೆ ಬರುತ್ತದೆ. ಬಂದಮೇಲೆ ಅದು ಆಸೆಯಾಗಿ ಉಳಿಯುವುದಿಲ್ಲ, ಮರ್ಯಾದೆಯ ಪ್ರಶ್ನೆಯಾಗುತ್ತದೆ.

ಬಳ್ಳಾರಿಯಂದೆ. 2016ರ ನವೆಂಬರಿನಲ್ಲಿ, ನೋಟು ರದ್ದಾದ ಮರುವಾರ, ಜನ ಎರಡು ಸಾವಿರದ ನೋಟಿಗಾಗಿ ಬ್ಯಾಂಕುಗಳ ಮುಂದೆ ಸಾಲು ನಿಂತಿದ್ದಾಗ, ಮಾಜಿ ಸಚಿವ, ಗಣಿ ಉದ್ಯಮಿ ಗಾಲಿ ಜನಾರ್ದನ ರೆಡ್ಡಿಯವರ ಮಗಳ ಮದುವೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆಯಿತು. ಪೆಟ್ಟಿಗೆ ತೆರೆದರೆ ವಿಡಿಯೋ ಆಡುವ ಆಮಂತ್ರಣ. ಮೈದಾನದಲ್ಲಿ ಹಂಪಿಯ ಗುಡಿಯ ಸೆಟ್ಟು. ದೇಶವೆಲ್ಲ ನೋಡಿತು, ಬೈಯಿತು, ಮತ್ತೆ ಮತ್ತೆ ನೋಡಿತು. ಹಾಗೆ ನೋಡಿದ್ದರಲ್ಲೇ ರೂಢಿ ಹುಟ್ಟುತ್ತದೆ. ಆ ವರ್ಷ ಲೋಕಸಭೆಯ ಸದಸ್ಯೆ ರಂಜೀತ್ ರಂಜನ್ ಅವರು ಒಂದು ಖಾಸಗಿ ಮಸೂದೆ ತಂದಿದ್ದರು: ಮದುವೆಗೆ 5 ಲಕ್ಷ ಮೀರಿ ಖರ್ಚು ಮಾಡುವವರು ಅದರ ಹತ್ತನೇ ಒಂದು ಪಾಲನ್ನು ಬಡ ಹೆಣ್ಣುಮಕ್ಕಳ ಮದುವೆಯ ನಿಧಿಗೆ ಕೊಡಲಿ ಎಂದು. ಅದು ಕಾಯಿದೆಯಾಗಲಿಲ್ಲ. ಕಾಯಿದೆಯಾಗಿದ್ದರೂ ಕೋಸಗಿಯ ಲೆಕ್ಕ ಬದಲಾಗುತ್ತಿತ್ತೆಂಬ ನಂಬಿಕೆ ನನಗಿಲ್ಲ. ಆದರೆ ಹೊಣೆ ಯಾರ ಬಾಗಿಲಿಂದ ಶುರುವಾಗಬೇಕು ಎಂಬುದನ್ನಾದರೂ ಆ ಮಸೂದೆ ಸರಿಯಾಗಿ ಗುರುತಿಸಿತ್ತು. ಥಾಮಸ್ ಪಿಕೆಟ್ಟಿ ಮತ್ತು ಸಂಗಡಿಗರು 2024ರಲ್ಲಿ ಹೊರತಂದ ಅಧ್ಯಯನದ ಪ್ರಕಾರ ದೇಶದ ಒಟ್ಟು ಸಂಪತ್ತಿನ ಶೇ 40ರಷ್ಟು ಮೇಲಿನ ಶೇ 1ರಷ್ಟು ಜನರ ಕೈಯಲ್ಲಿದೆ. ಅವರು ಸಂಪತ್ತನ್ನಷ್ಟೇ ಹಿಡಿದುಕೊಂಡಿಲ್ಲ. ಮದುವೆ ಹೇಗಿರಬೇಕು ಎಂಬ ಅಳತೆಗೋಲೂ ಅವರದೇ.

ಈ ಸೀಮೆಯ ನೀರಿನದೂ ಇದೇ ಕತೆ. ತುಂಗಭದ್ರೆಯ ಕೆಳಮಟ್ಟದ ಕಾಲುವೆಯಲ್ಲಿ ಆಂಧ್ರದ ಪಾಲು 24 ಟಿಎಂಸಿ ಎಂದು ಕಾಗದದಲ್ಲಿದೆ. ಸುಮಾರು 250 ಕಿಲೋಮೀಟರ್ ಕರ್ನಾಟಕದ ಹೊಲಗಳ ನಡುವೆ ಹರಿದು ಕಾಲುವೆ ಇತ್ತ ಬರುತ್ತದೆ. ಹೆಚ್ಚು ಭೂಮಿಗೆ ಸ್ವಲ್ಪಸ್ವಲ್ಪ ನೀರು, ಕಡಿಮೆ ನೀರಿನ ಬೆಳೆ ಎಂಬುದು ಯೋಜನೆ ಹಾಕಿದವರ ಎಣಿಕೆ. ಮೇಲಿನವರು ಭತ್ತ ನೆಟ್ಟರು. ಕೊನೆಯವರ ತೂಬಿಗೆ ನೀರು ಮುಟ್ಟುವುದು ಅನುಮಾನ. ಭತ್ತ ನೆಟ್ಟ ರೈತ ಕಳ್ಳನಲ್ಲ. ತನ್ನ ಸಂಸಾರ ತಾನು ಚೆನ್ನಾಗಿ ನೋಡಿಕೊಂಡವನು, ಮಕ್ಕಳನ್ನು ಓದಿಸಿದವನು. ವೈಯಕ್ತಿಕ ಹೊಣೆ ಎಂಬುದಕ್ಕೆ ನಾವು ಕೊಡುವ ಎಲ್ಲ ಅಂಕಗಳೂ ಅವನಿಗೆ ಸಲ್ಲುತ್ತವೆ. ಕೊನೆಯ ತೂಬಿನವನು ಸುಗ್ಗಿಗೆ ಹೋದರೆ ಬೇಜವಾಬ್ದಾರಿ ಅನ್ನಿಸಿಕೊಳ್ಳುತ್ತಾನೆ.

ಸರಳ ಮದುವೆ ಮಾಡಿಕೊಳ್ಳಲಿ ಎನ್ನುವುದು ನಮ್ಮಂಥವರು ಕೊಡುವ ಬುದ್ಧಿವಾದ. 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದಿಂದ ನೆರವೇರಿಸಿದರು. ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ನಾಡಿನ ದೊಡ್ಡ ಕವಿ. ಬೇಕೆಂದರೆ ಊರೆಲ್ಲ ಕರೆಯಬಹುದಿತ್ತು. ಹಾಗೆ ಕರೆಯಬಲ್ಲವರು ಕರೆಯದೆ ಇದ್ದದ್ದರಿಂದಲೇ ಅದು ನಾಡಿಗೆ ಮಾದರಿಯಾಯಿತು. ಉಳ್ಳವರು ಸರಳವಾಗಿ ಮಾಡಿದರೆ ಆದರ್ಶ ಅನ್ನುತ್ತೇವೆ. ಅದನ್ನೇ ಕೂಲಿಯವನು ಮಾಡಿದರೆ, ಪಾಪ, ಕೈಲಾಗಲಿಲ್ಲ ಅನ್ನುತ್ತೇವೆ. ಆ 'ಪಾಪ'ದಿಂದ ತಪ್ಪಿಸಿಕೊಳ್ಳಲಿಕ್ಕೇ ಅವನು ಮೇಸ್ತ್ರಿಯ ಮುಂದೆ ಕೈ ಒಡ್ಡುವುದು. ಧರ್ಮಸ್ಥಳದಲ್ಲಿ 1972ರಿಂದ ನಡೆಯುತ್ತ ಬಂದಿರುವ ಸಾಮೂಹಿಕ ವಿವಾಹದಂಥವು ಸಾವಿರಾರು ಮನೆಗಳನ್ನು ಸಾಲದಿಂದ ಉಳಿಸಿವೆ, ಸಂಶಯವಿಲ್ಲ. ಆದರೆ ಸಾಮೂಹಿಕ ವಿವಾಹದ ಚಪ್ಪರದಲ್ಲಿ ಉಳ್ಳವರ ಮಕ್ಕಳು ಕೂತದ್ದು ಅಪರೂಪ. ಉಳ್ಳವರು ವೇದಿಕೆಯ ಮೇಲೆ ಇರುತ್ತಾರೆ, ತಾಳಿ ಹಂಚುತ್ತಾರೆ.

ಮುಯ್ಯಿಯ ಮಾತೂ ಇದೆ. ನಾಲ್ಕು ಮನೆಯಲ್ಲಿ ಉಂಡು ಮುಯ್ಯಿ ಮಾಡಿಸಿಕೊಂಡವನು ತಿರುಗಿ ಉಣಿಸಲೇಬೇಕು. ಅವನೊಬ್ಬನೇ ಆ ಸರಪಳಿಯಿಂದ ಕಳಚಿಕೊಂಡರೆ ನಾಳೆ ಮನೆಯಲ್ಲಿ ಸಾವಾದಾಗಲೋ ರೋಗ ಬಂದಾಗಲೋ ನೆರವಿಗೆ ಬರುವ ಕೈಗಳೂ ಕಳಚಿಕೊಳ್ಳುತ್ತವೆ. ಬ್ಯಾಂಕು ಸಾಲ ಕೊಡದವನಿಗೆ ನೆಂಟರೇ ಬ್ಯಾಂಕು. ಹಾಗೆ ನೋಡಿದರೆ ನಮಗೆ ದುಂದು ಎಂದು ಕಾಣುವುದರಲ್ಲಿ ಒಂದಿಷ್ಟು ವಿವೇಕವೂ ಇದೆ.

ಇದೇ ಕರ್ನೂಲು ಜಿಲ್ಲೆಯಲ್ಲಿ, ಪತ್ತಿಕೊಂಡದ ಆಚೆ, ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ, ಹದಿನಾಲ್ಕು ದೊಡ್ಡ ಶಾಸನಗಳೂ ಸೇರಿ. ಒಂಬತ್ತನೆಯದು ಮದುವೆ ಮುಂಜಿಗಳ ಬಗ್ಗೆಯೇ ಇದೆ. ಜನ ಮದುವೆಯಲ್ಲಿ, ಮಗು ಹುಟ್ಟಿದಾಗ, ಪಯಣ ಹೊರಟಾಗ ಬಗೆಬಗೆಯ ಮಂಗಳಕಾರ್ಯ ಮಾಡುತ್ತಾರೆ, ಅದರ ಫಲ ಅಲ್ಪ ಎನ್ನುತ್ತಾನೆ. (ಅದರಲ್ಲೂ ಹೆಂಗಸರು ಹೆಚ್ಚು ಎಂದು ಆಡಿಕೊಳ್ಳುವುದು ಚಕ್ರವರ್ತಿಗೂ ತಪ್ಪಲಿಲ್ಲ.) ಬಹಳ ಫಲ ಕೊಡುವ ಮಂಗಳ ಯಾವುದು ಎಂಬುದಕ್ಕೆ ಅವನು ಕೊಡುವ ಮೊದಲ ಉದಾಹರಣೆ ದಾಸರನ್ನೂ ಆಳುಗಳನ್ನೂ ಸರಿಯಾಗಿ ನಡೆಸಿಕೊಳ್ಳುವುದು.

ಇಷ್ಟನ್ನೇ ಬರೆಸಿದ್ದರೆ ಅದೂ ಆದೋನಿಯ ಹೋಟೆಲಿನ ಮಾತಾಗುತ್ತಿತ್ತು. ಆದರೆ ಮೊದಲನೆಯ ಶಾಸನದಲ್ಲಿ ಅವನು ತನ್ನ ಮನೆಯ ಲೆಕ್ಕ ಇಟ್ಟಿದ್ದಾನೆ. ಹಿಂದೆ ಅರಮನೆಯ ಅಡುಗೆಗೆ ದಿನವೂ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರು. ಈಗ ಮೂರೇ: ಎರಡು ನವಿಲು, ಒಂದು ಜಿಂಕೆ. ಜಿಂಕೆಯೂ ದಿನವೂ ಅಲ್ಲ. ಮುಂದೆ ಈ ಮೂರೂ ಇಲ್ಲ. ಇನ್ನೂ ಬಿಟ್ಟಿಲ್ಲದ್ದನ್ನೂ ಬಚ್ಚಿಡದೆ ಕಲ್ಲಿನ ಮೇಲೆ ಬರೆಸಿದ. ಮಾಘದಿಂದ ವೈಶಾಖದವರೆಗೆ ಮದುವೆ ಮಾಡಲಿರುವ ನಮ್ಮ ಓದುಗರಲ್ಲಿ ಕಲ್ಯಾಣಮಂಟಪ ಹಿಡಿಯುವ ಶಕ್ತಿ ಇರುವವರೇ ಹೆಚ್ಚು. ನಿಮ್ಮ ಊಟದ ಪಟ್ಟಿಯಿಂದ ಯಾವುದನ್ನು ಕೈಬಿಟ್ಟಿರಿ, ಏಕೆ ಬಿಟ್ಟಿರಿ ಎಂದು ಪತ್ರಿಕೆಗೆ ಬರೆಯಿರಿ. ಬಿಡಲಾಗದೆ ಉಳಿಸಿಕೊಂಡದ್ದನ್ನೂ ಬರೆಯಿರಿ.