ಕಲ್ಲು ನಮ್ಮದು, ಹೆಸರು ಯಾರದು?

ಸ್ಮಾರಕ ಸಮಿತಿಯವರು ರಸೀತಿ ಪುಸ್ತಕ ಹಿಡಿದು ಬಂದರೆ ಅಂಗಡಿಕಾರ ಗಲ್ಲಾಪೆಟ್ಟಿಗೆ ತೆರೆಯುತ್ತಾನೆ, ಮಿಲ್ಲಿನ ಕಾರ್ಮಿಕ ಪಗಾರದಲ್ಲಿ ಮುರಿದು ಕೊಡುತ್ತಾನೆ. ಕಟ್ಟಡ ಎದ್ದ ಮೇಲೆ ನೋಡಿರಿ: ಉದ್ಘಾಟಿಸಿದ ಮಂತ್ರಿಯ ಹೆಸರು ಗೇಣುದ್ದ, ಮಡಿದವರ ಹೆಸರು ಇರುವೆಯ ಸಾಲು. ದೇವಸ್ಥಾನಕ್ಕೆ ಹೋದರೆ, ದೀಪ ಕೊಟ್ಟವನ ಹೆಸರು ದೀಪದ ಬೆಳಕನ್ನೇ ಮುಚ್ಚಿರುತ್ತದೆ. ಇದು ಭಕ್ತಿಯೋ, ಜಾಹೀರಾತೋ?

ಅಮೆರಿಕದ ವಾಷಿಂಗ್ಟನ್ನಿನಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಸತ್ತ ಅಮೆರಿಕನ್ ಸೈನಿಕರ ಸ್ಮಾರಕವಿದೆ. ಅದು ಅನ್ಯಾಯದ ಯುದ್ಧ. ಸತ್ತ ಲಕ್ಷಾಂತರ ವಿಯೆಟ್ನಾಮೀಯರ ಹೆಸರು ಅಲ್ಲಿಲ್ಲ. ಈ ಮಾತನ್ನು ನಾವು ಬಿಡುವುದಿಲ್ಲ. ಆದರೆ ಅದನ್ನು ಕಟ್ಟಿದ ರೀತಿಯಿಂದ ಕಲಿಯಬೇಕಾದದ್ದು ಉಂಟು.

1981ರ ಸ್ಪರ್ಧೆಗೆ 1,421 ನಕ್ಷೆಗಳು ಬಂದವು. ನಕ್ಷೆಯ ಮೇಲೆ ಹೆಸರಿರಲಿಲ್ಲ, ಸಂಖ್ಯೆ ಮಾತ್ರ, ವಶೀಲಿಗೆ ಜಾಗವಿರಲಿಲ್ಲ. ಗೆದ್ದವಳು 21 ವರ್ಷದ ವಿದ್ಯಾರ್ಥಿನಿ ಮಾಯಾ ಲಿನ್. ಗೋಪುರವಿಲ್ಲ, ಕುದುರೆ ಸವಾರನಿಲ್ಲ. ನೆಲವನ್ನು ಅಗೆದು ನಿಲ್ಲಿಸಿದ ಕಪ್ಪು ಕಲ್ಲಿನ ಎರಡು ಗೋಡೆ, ಅದರಲ್ಲಿ 58,000ಕ್ಕೂ ಹೆಚ್ಚು ಹೆಸರು, ಸತ್ತ ದಿನದ ಕ್ರಮದಲ್ಲಿ. ದರ್ಜೆ ಬರೆದಿಲ್ಲ. ಅಧಿಕಾರಿಗೂ ಸಿಪಾಯಿಗೂ ಅಕ್ಷರದ ಗಾತ್ರ ಒಂದೇ. 1982ರಲ್ಲಿ ಅದು ತೆರೆಯಿತು. ಇಷ್ಟಕ್ಕೇ ದೊಡ್ಡವರು ಸಿಟ್ಟಾದರು. ವಿಗ್ರಹ ಬೇಕೇ ಬೇಕೆಂದು ಹಟ ಹಿಡಿದು 1984ರಲ್ಲಿ ಪಕ್ಕದಲ್ಲಿ ಸೈನಿಕರ ಪ್ರತಿಮೆ ನಿಲ್ಲಿಸಿದರು. ಜನ ಮಾತ್ರ ಹೆಸರಿನ ಮೇಲೆ ಕಾಗದವಿಟ್ಟು ಸೀಸದಕಡ್ಡಿಯಿಂದ ಉಜ್ಜಿ ಅಚ್ಚು ತೆಗೆದುಕೊಂಡು ಹೋಗುತ್ತಾರೆ.

ಆ ಕಪ್ಪು ಕಲ್ಲು ಹೋದದ್ದು ಎಲ್ಲಿಂದ ಬಲ್ಲಿರಾ? ನಮ್ಮ ಬೆಂಗಳೂರಿನ ಸುತ್ತಿನ ಗಣಿಯಿಂದ. ಕಲ್ಲು ನಮ್ಮಿಂದ ಹೋಯಿತು, ಪಾಠ ನಮಗೆ ಬರಲಿಲ್ಲ!

ನಾವು ಮಾಡಿದ್ದೇನು? 2018ರಲ್ಲಿ ನರ್ಮದೆಯ ದಡದಲ್ಲಿ ಸುಮಾರು 3,000 ಕೋಟಿ ರೂಪಾಯಿ ಸುರಿದು 182 ಮೀಟರಿನ ಪ್ರತಿಮೆ ಎಬ್ಬಿಸಿದೆವು. ಪಟೇಲರ ಮೇಲೆ ನಮ್ಮ ತಕರಾರಿಲ್ಲ. 1928ರಲ್ಲಿ ಬಾರ್ಡೋಲಿಯ ರೈತರನ್ನು ಕಂದಾಯದ ವಿರುದ್ಧ ಒಗ್ಗೂಡಿಸಿದವರು ಅವರು. ಆ ರೈತರ ಸ್ಥಾನ ಅಲ್ಲಿ ಎಲ್ಲಿ? ಭೂಮಿ ಹೋಯಿತೆಂದು ಕೂಗಿದ ಸುತ್ತಿನ ಆದಿವಾಸಿಗಳ ದನಿ ಅಷ್ಟೆತ್ತರಕ್ಕೆ ಕೇಳೀತೆ?

ಬಡವರಿಗೆ ವೈಭವ ಬೇಡವೇ ಎಂದು ಕೆಲವರು ಕೇಳುತ್ತಾರೆ. ಬೇಕು. ಅಮೃತಸರದ ಸ್ವರ್ಣಮಂದಿರಕ್ಕೆ ಚಿನ್ನದ ಹೊದಿಕೆಯೇ ಇದೆ. ಆದರೆ ಅಲ್ಲಿಗೆ ಮೆಟ್ಟಿಲು ಹತ್ತುವುದಲ್ಲ, ಇಳಿಯಬೇಕು. ಗುಡಿಗೆ ನಾಲ್ಕು ದಿಕ್ಕಿಗೂ ಬಾಗಿಲು. ಊಟಕ್ಕೆ ಎಲ್ಲರೂ ನೆಲದ ಮೇಲೆ ಒಂದೇ ಸಾಲು. ಸಮಾನತೆಯನ್ನು ಭಾಷಣದಲ್ಲಿ ಹೇಳಿದರೆ ಮರೆತುಹೋಗುತ್ತದೆ; ಬಾಗಿಲಿನಲ್ಲಿ, ಮೆಟ್ಟಿಲಿನಲ್ಲಿ, ಪಂಕ್ತಿಯಲ್ಲಿ ಕಟ್ಟಿಟ್ಟರೆ ತಲೆಮಾರುಗಟ್ಟಲೆ ಉಳಿಯುತ್ತದೆ.

ಆದ್ದರಿಂದ ಬಂಧುಗಳೇ, ಸ್ಮಾರಕಕ್ಕಾಗಲಿ ಗುಡಿಗಾಗಲಿ ಸಮುದಾಯ ಭವನಕ್ಕಾಗಲಿ, ಹಣ ಕೊಡುವ ಮೊದಲು ನಕ್ಷೆ ಕೇಳಿರಿ. ಸತ್ತವರ ಹೆಸರು ಎಲ್ಲಿ, ಉದ್ಘಾಟಕರ ಹೆಸರು ಎಲ್ಲಿ? ಬಾಗಿಲು ಎಷ್ಟು, ಯಾರಿಗೆ? ಪಾಳಿ ಮುಗಿಸಿ ಬಂದವನು ಕೂರಲು ನೆರಳಿದೆಯೇ, ಕುಡಿಯಲು ನೀರಿದೆಯೇ? ಕಲ್ಲು ಕಡಿದವರ, ಗಾರೆ ಹೊತ್ತವರ ಹೆಸರಿಗೆ ಒಂದು ಗೇಣು ಜಾಗವಿದೆಯೇ? ಸರಿಯಾದ ಉತ್ತರ ಬಂದ ಮೇಲೆ ರಸೀತಿ ಬರೆಯಲಿ.